ಡಿಫರೆನ್ಷಿಯಲ್ ಎಣ್ಣೆ ಮತ್ತು ಅಪ್ಪನ ಮೂಗು

ಇದನ್ನು ಬರೆಯುತ್ತಿರುವಾಗ ನನ್ನ ಬಲಗೈಯ ತೋರುಬೆರಳು ನಾರುತ್ತಿದೆ. ಸೋಪು ಹಾಕಿ ತೊಳೆದೆ, ಕಡಲೆಹಿಟ್ಟು ಹಚ್ಚಿ ತಿಕ್ಕಿದೆ, ನಿಂಬೆಹಣ್ಣಿನ ಹೋಳಿನಿಂದ ಉಜ್ಜಿದೆ. ಈಗ ನಿಂಬೆಹಣ್ಣಿನ ವಾಸನೆಯ ಜೊತೆಗೆ ಅದೂ ಇದೆ. ನೀವು ಪಕ್ಕದಲ್ಲಿ ಕೂತಿದ್ದರೆ ಏನೂ ಅನ್ನದೆ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಳ್ಳುತ್ತಿದ್ದಿರಿ, ನನಗೆ ಬೇಸರವಾಗುತ್ತಿರಲಿಲ್ಲ. ಇದು ಗಾಡಿಯ ಡಿಫರೆನ್ಷಿಯಲ್‌ಗೆ ಹಾಕುವ ಗೇರ್ ಎಣ್ಣೆಯ ವಾಸನೆ. ಇವತ್ತು ಬೆಳಿಗ್ಗೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಡಬ್ಬಿಯ ಮುಚ್ಚಳ ತೆಗೆಸಿ ಬೆರಳು ಅದ್ದಿ ನೋಡಿದ್ದರ ಫಲ. ಸೀಲು ಹಾಕಿದ ಡಬ್ಬಿಗೆ ಬೆರಳು ಅದ್ದಿ ನೋಡುವ ಅಗತ್ಯವೇನಿತ್ತು ಎಂದು ನೀವು ಕೇಳಬಹುದು. ಅಂಗಡಿಯವರೂ ಅದನ್ನೇ ಕೇಳಿದರು.

ಡಿಫರೆನ್ಷಿಯಲ್ ಎಂದರೆ ಏನೆಂದು ನನಗೂ ಬಹಳ ಕಾಲ ಗೊತ್ತಿರಲಿಲ್ಲ. ನಿಂತ ಲಾರಿಯ ಹಿಂದೆ ಹೋಗಿ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಒಂದು ಕಬ್ಬಿಣದ ಹೊಟ್ಟೆ ಕಾಣುತ್ತದಲ್ಲ, ಅದು. ಎಂಜಿನ್ನಿನಿಂದ ಉದ್ದಕ್ಕೆ ಬರುವ ಸರಳಿನ ತಿರುಗಾಟವನ್ನು ಅದು ಅಡ್ಡಕ್ಕೆ ತಿರುಗಿಸಿ ಎರಡೂ ಚಕ್ರಗಳಿಗೆ ಹಂಚುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಹೆಚ್ಚು, ಒಳಗಿನದಕ್ಕೆ ಕಡಿಮೆ. ಯಾರಿಗೂ ಕಾಣದ ಹಾಗೆ, ಕತ್ತಲಲ್ಲಿ, ಎಣ್ಣೆಯಲ್ಲಿ ಮುಳುಗಿಕೊಂಡು ಮಾಡುವ ಹಂಚಿಕೆ. ಕಾಣದ ಹಾಗೆ ನಡೆಯುವ ಯಾವ ಹಂಚಿಕೆಯನ್ನೂ ನನ್ನ ಅಪ್ಪ ನಂಬುವುದಿಲ್ಲ.

ಅಪ್ಪನ ಅನುಮಾನದ ಮೂಲ ಎಲ್ಲಿದೆ ಎಂದು ಯೋಚಿಸಿದ್ದೇನೆ. ಅದು ಮಂಡಕ್ಕಿಯಲ್ಲೇ ಇರಬೇಕು. ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಮಂಡಕ್ಕಿ ಎಂದರೆ ಬಹುಪಾಲು ಗಾಳಿ. ಗಾಳಿಯನ್ನು ಚೀಲಕ್ಕೆ ತುಂಬಿ ಮಾರುವವರನ್ನು ಕೊಳ್ಳುವವರು ಸುಲಭಕ್ಕೆ ನಂಬುವುದಿಲ್ಲ. ತೇವ ಹಿಡಿಸಿ ತೂಕ ಏರಿಸಿದ್ದಾರೇನೋ ಎಂದು ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಸುಕಿ ಸದ್ದು ಕೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಅನುಮಾನದ ಎದುರು ಕೂತವರು ಮನೆಗೆ ಬರುವಾಗ ಅದರಲ್ಲಿ ಸ್ವಲ್ಪವನ್ನು ಜೊತೆಗೆ ತರುತ್ತಾರೆ. ಸಾಲದ್ದಕ್ಕೆ ನಮ್ಮ ಪಿಕಪ್ ಗಾಡಿ ಹೋಗುವಾಗ ಮಂಡಕ್ಕಿ ಒಯ್ಯುತ್ತದೆ, ಬರುವಾಗ ಕುಕ್ಕುವಾಡದ ಕಡೆಯಿಂದ ಭತ್ತ ತರುತ್ತದೆ. ಮಂಡಕ್ಕಿ ಹೇರಿದಾಗ ಗುಡ್ಡ ಹೊತ್ತಂತೆ ಕಾಣುತ್ತದೆ, ಭಾರವೇ ಇಲ್ಲ. ಭತ್ತ ಹೇರಿದಾಗ ಸಣ್ಣದಾಗಿ ಕಾಣುತ್ತದೆ, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಮಲಗಿಬಿಟ್ಟಿರುತ್ತವೆ. ಕಂಡದ್ದಕ್ಕೂ ಇರುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ದಿನಾ ಎರಡು ಹೊತ್ತು ನೋಡುವ ಮನುಷ್ಯ ಅಪ್ಪ.

ಕಲ್ಲಂಗಡಿಯನ್ನು ತಟ್ಟಿ ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ಅಪ್ಪ ತಟ್ಟುವಾಗ ಹಣ್ಣನ್ನು ನೋಡುವುದಿಲ್ಲ, ಹಣ್ಣಿನವನ ಮುಖ ನೋಡುತ್ತಾರೆ. ಪಾತ್ರೆ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅಯಸ್ಕಾಂತದ ತುಂಡೊಂದನ್ನು ಒಯ್ಯುತ್ತಾರೆ, ಸ್ಟೀಲು ನಿಜವಾದ ಸ್ಟೀಲೇ ಎಂದು ನೋಡಲು. ವೈದ್ಯರು ಬರೆದ ಗುಳಿಗೆಯ ಹೆಸರನ್ನು ಎರಡು ಔಷಧಿ ಅಂಗಡಿಗಳಲ್ಲಿ ಓದಿಸಿ, ಮೂರನೆಯದರಲ್ಲಿ ಕೊಳ್ಳುತ್ತಾರೆ. ನನ್ನ ಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದಾಗ, "ಇದು ನಿನ್ನ ನಂಬರೇ ಹೌದಾ, ಸರಿಯಾಗಿ ನೋಡು" ಎಂದಿದ್ದರು. ನಾನು ಸರಿಯಾಗಿ ನೋಡಿದ್ದೆ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಎಳೆದು ನೋಡುವವಳು ನಾನು.

ಇಂಥವರ ಗಾಡಿಗೆ ಎಣ್ಣೆ ಬದಲಿಸುವುದು ಸುಮ್ಮನೆ ಆಗುವ ಕೆಲಸವಲ್ಲ. ಅಪ್ಪ ಎಣ್ಣೆಯನ್ನು ದಾವಣಗೆರೆಯ ಮಂಡಿಪೇಟೆಯಲ್ಲಿ ಕೊಳ್ಳುತ್ತಿದ್ದರು, ಹಾಕಿಸುವುದು ಮಾತ್ರ ಹರಿಹರದ ಗ್ಯಾರೇಜಿನಲ್ಲಿ. ಎರಡೂ ಒಂದೇ ಊರಲ್ಲಿದ್ದರೆ ಅಂಗಡಿಯವನೂ ಮೇಸ್ತ್ರಿಯೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ, ಚಹಾ ಕುಡಿದರೆ ಮಾತಾಡಿಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಗ್ಯಾರೇಜಿನಲ್ಲಿ ಗಾಡಿಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೊನೆಯವರೆಗೆ ಕೂರುತ್ತಿದ್ದರು. ತೆಗೆದ ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ಮನೆಗೆ ತರುತ್ತಿದ್ದರು, ಅಲ್ಲೇ ಬಿಟ್ಟರೆ ಇನ್ಯಾರದೋ ಗಾಡಿಗೆ ಹೊಸದೆಂದು ಹೋದೀತು. ಹೊಸ ಎಣ್ಣೆಯ ಖಾಲಿ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡುತ್ತಿದ್ದರು, ಅದಕ್ಕೆ ನಕಲಿ ತುಂಬಿ ಮಾರಬಾರದೆಂದು. ಆ ಮೊಳೆ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅಮ್ಮ ಬಟ್ಟೆ ಒಗೆಯುವ ಮೊದಲು ಹುಡುಕುತ್ತಿದ್ದದ್ದು ದುಡ್ಡನ್ನಲ್ಲ, ಆ ಮೊಳೆಯನ್ನು.

ಇದೆಲ್ಲಕ್ಕಿಂತ ದೊಡ್ಡದು ಗುರುತು. ಡಿಫರೆನ್ಷಿಯಲ್‌ನ ಹೊಟ್ಟೆಗೆ ಎಣ್ಣೆ ತುಂಬುವ ಬಾಯಿಗೆ ಒಂದು ದಪ್ಪ ಪ್ಲಗ್ ಇರುತ್ತದೆ. ಅದನ್ನು ಬಿಗಿ ಮಾಡಿಸಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅರ್ಧ ಪ್ಲಗ್ಗಿನ ಮೇಲೆ ಅರ್ಧ ಹೊಟ್ಟೆಯ ಮೇಲೆ ಬರುವಂತೆ ಅಪ್ಪ ಒಂದು ಚುಕ್ಕೆ ಇಡುತ್ತಿದ್ದರು. ಯಾರಾದರೂ ತಿರುಗಿಸಿದರೆ ಚುಕ್ಕೆ ಒಡೆಯಬೇಕು. ಚುಕ್ಕೆಗೆ ಬಳಸುತ್ತಿದ್ದದ್ದು ನನ್ನ ಉಗುರುಬಣ್ಣ. ನಾನು ಅಲಂಕಾರ ಮಾಡಿಕೊಳ್ಳುವವಳಲ್ಲ. ಯಾವಾಗಲೋ ಆಸೆಪಟ್ಟು ಒಂದೇ ಒಂದು ಸೀಸೆ ತಂದು, ಕಾಲಿನ ಉಗುರಿಗೆ ಮಾತ್ರ ಹಚ್ಚಿಕೊಂಡು, ಯಾರಿಗೂ ಕಾಣದಂತೆ ಬೀರುವಿನ ಹಿಂದೆ ಇಟ್ಟಿದ್ದೆ. ಅಪ್ಪನಿಗೆ ಕಂಡಿತು. ನೇರಳೆಹಣ್ಣು ತಿಂದ ನಾಲಿಗೆಯಂಥ ಬಣ್ಣ. "ಕೆಂಪಾದ್ರೆ ಎಲ್ಲಾರ ಮನ್ಯಾಗೂ ಇರ್ತೈತೆ. ಇದು ಬೇರೆ ಕಡೆ ಸಿಗಲ್ಲ" ಎಂದು ಒಯ್ದರು. ಬೈಯಲಿಲ್ಲ, ಕೇಳಲೂ ಇಲ್ಲ. ನನ್ನ ಗುಟ್ಟೊಂದು ಹಾಗೆ ಗಾಡಿಯ ಕೆಳಗೆ ಸೇರಿತು.

ಗಾಡಿ ಓಡಿಸುವವನು ಹನುಮಂತಪ್ಪ. ಕುಕ್ಕುವಾಡದವನು. ನಾನು ಶಾಲೆಗೆ ಹೋಗುವ ಕಾಲದಿಂದಲೂ ಅವನೇ ನಮ್ಮ ಡ್ರೈವರ್. ಅಪ್ಪ ಅವನನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದರು, ಅಷ್ಟು ವರ್ಷವೂ ಅನುಮಾನಿಸುತ್ತಿದ್ದರು. ಅವರ ಮಟ್ಟಿಗೆ ಇವೆರಡರಲ್ಲಿ ವಿರೋಧವಿರಲಿಲ್ಲ. ಹನುಮಂತಪ್ಪನಿಗೂ ಅದು ಭಟ್ಟಿಯ ಹೊಗೆಯ ಹಾಗೆ, ಇರುವಂಥದ್ದು. "ಸಾವ್ಕಾರ್ರು ಬೆಳಿಗ್ಗೆ ಎದ್ದು ಕನ್ನಡಿ ನೋಡಿದ್ರೂ ಯಾರೋ ಇವನು ಅಂತ ಕೇಳ್ತಾರ್ರಿ ಅಕ್ಕಾರೆ" ಎಂದು ನನ್ನ ಹತ್ತಿರ ನಗುತ್ತಿದ್ದ.

ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ, ಒಂದು ರಜೆಯಲ್ಲಿ, ಅಪ್ಪ ಎಣ್ಣೆ ತರಲು ನನ್ನನ್ನೂ ಕರೆದುಕೊಂಡು ಹೋದರು. ಡಬ್ಬಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಓದಲು ಒಬ್ಬರು ಬೇಕಿತ್ತು. ಅಂಗಡಿಯ ವೀರಭದ್ರಪ್ಪನವರು ಗಾಡಿ ಯಾವುದೆಂದು ಕೇಳಿ, ಅಷ್ಟಾಗಿ ನಾರದ ಎಂದಿನ ಕಂಪನಿಯದು ಖಾಲಿಯಾಗಿದ್ದರಿಂದ ಬೇರೆ ಡಬ್ಬಿಯೊಂದನ್ನು ಮುಂದಿಟ್ಟರು. ಅಪ್ಪ ಮುಚ್ಚಳ ತೆಗೆಸಿ ಮೂಗು ಇಟ್ಟರು. ತಕ್ಷಣ ತಲೆ ಹಿಂದೆ ಎಳೆದುಕೊಂಡರು.

"ಇದು ಕೆಟ್ಟೈತೆ."

"ಅಣ್ಣಾರೆ, ಕ್ರೌನಿಗೆ, ಅದೇ ಹಿಂದಿನ ಹೊಟ್ಟೆಗೆ, ಹಾಕೋ ಎಣ್ಣೆ ವಾಸ್ನೇನೇ ಹಂಗೆ."

"ಎಣ್ಣೆ ಯಾಕ ನಾರಬೇಕು? ಕೊಳ್ತ ಬೆಳ್ಳುಳ್ಳಿ ಇದ್ದಂಗೈತೆ. ಹಳೇ ಎಣ್ಣೆ ಕಾಸಿ ತುಂಬ್ಯಾರ."

ನಾನು ಮೆಲ್ಲಗೆ ಹೇಳಿದೆ: ಆ ಹೊಟ್ಟೆಯೊಳಗಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಒತ್ತಿಕೊಂಡು ಜಾರುತ್ತವೆ, ಆ ಒತ್ತಡಕ್ಕೆ ಸಾಧಾರಣ ಎಣ್ಣೆ ಹಿಂಡಿಹೋಗುತ್ತದೆ, ಅದಕ್ಕೇ ಗಂಧಕ ಬೆರೆಸುತ್ತಾರೆ, ವಾಸನೆ ಗಂಧಕದ್ದು. ಈ ವಾಸನೆಯನ್ನು ಪುಸ್ತಕಗಳಲ್ಲಿ ಕೊಳೆತ ಮೊಟ್ಟೆಯ ವಾಸನೆ ಎನ್ನುತ್ತಾರೆ. ಮೊಟ್ಟೆ ಹೊಸಿಲು ದಾಟದ ಮನೆಯವಳು ನಾನು. ನನಗೆ ಅದು ಪ್ರಯೋಗಾಲಯದ ವಾಸನೆ, ಹೆಚ್ಚುಕಡಿಮೆ ಪ್ರೀತಿಯದೇ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನನ್ನೂ ವೀರಭದ್ರಪ್ಪನವರನ್ನೂ ಒಮ್ಮೆ ನೋಡಿದರು.

"ಇವ್ರು ನಿನಗೆ ಮೊದ್ಲೇ ಪರಿಚಯ ಏನು?"

ಅವರು ಆರಿಸಿದ್ದು ಇನ್ನೊಂದು ಡಬ್ಬಿ. ಅದರ ಎಣ್ಣೆ ತಿಳಿ ಜೇನಿನಂತಿತ್ತು, ವಾಸನೆ ಸಭ್ಯವಾಗಿತ್ತು. ನಾನು ಹಿಂದೆ ತಿರುಗಿಸಿ ಓದಿ ಇದು ಜಿಎಲ್-4, ಗೇರ್ ಬಾಕ್ಸಿಗೆ, ಅದು ಜಿಎಲ್-5, ಹಿಂದಿನ ಹೊಟ್ಟೆಗೆ ಎಂದೆ. "ಎರಡರ ಮ್ಯಾಲೂ ತೊಂಬತ್ತು ಅಂತನೇ ಬರದೈತಲ್ಲ" ಎಂದರು ಅಪ್ಪ. ಬರೆದಿತ್ತು, ನಿಜ. ತೊಂಬತ್ತು ಎನ್ನುವುದು ಎಣ್ಣೆ ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತದೆ, ಒಳಗೇನಿದೆ ಎಂಬುದನ್ನಲ್ಲ. ವೀರಭದ್ರಪ್ಪನವರು ವ್ಯಾಪಾರಸ್ಥರು. "ತಂದೆ ಮಗಳು ಮಾತಾಡ್ಕೊಳ್ರಿ, ನಾನು ಕೇಳಿದ್ದು ಕೊಡೋನು" ಎಂದು ಕಟ್ಟಿಕೊಟ್ಟರು.

ಹರಿಹರದ ಗ್ಯಾರೇಜಿನ ರುದ್ರೇಶಣ್ಣ ಆ ಡಬ್ಬಿ ತೆರೆದವನೇ ಮೂಸಿ ನೋಡಿದ. ಗಾಡಿಯ ಪಕ್ಕ ನಿಂತಿದ್ದ ಹನುಮಂತಪ್ಪನ ಕಡೆ ಒಮ್ಮೆ ತಿರುಗಿದ, ಆಮೇಲೆ ಅಪ್ಪನ ಕಡೆ.

"ಯಜಮಾನ್ರೆ, ಇದು ಗೇರ್ ಬಾಕ್ಸಿಂದ್ರಿ. ಹಿಂದಕ್ಕೆ ಹಾಕಿದ್ರೆ ಹಲ್ಲು ತಿನ್ಕೊಂಡು ಹೋಗ್ತೈತೆ. ನನ್ನ ಹತ್ರ ಅದರದ್ದೇ ಐತೆ, ಹಾಕ್ಲಾ?"

ಕೊನೆಯ ವಾಕ್ಯ ಆಡದೆ ಇದ್ದಿದ್ದರೆ ಬಹುಶಃ ಅಪ್ಪ ಯೋಚಿಸುತ್ತಿದ್ದರೇನೋ. "ನಿನ್ನ ಅಂಗಡೀದು ಖಾಲಿ ಆಗ್ಬೇಕಲ್ಲಪ" ಎಂದು ನಕ್ಕರು. ಮೂರು ಕಡೆಯ ಮೂರು ಜನ ಒಂದೇ ಮಾತು ಹೇಳಿದರೆ ಅದು ನಿಜವಿರಬೇಕು ಎಂದು ನೀವು ತಿಳಿಯುತ್ತೀರಿ. ಮೂವರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಅಪ್ಪ ತಿಳಿಯುತ್ತಾರೆ. ಜೇನಿನ ಬಣ್ಣದ ಎಣ್ಣೆ ಒಳಗೆ ಹೋಯಿತು, ಡಬ್ಬಿಗೆ ಮೊಳೆ ಬಿತ್ತು, ಪ್ಲಗ್ಗಿನ ಮೇಲೆ ನೇರಳೆ ಚುಕ್ಕೆ ಕೂತಿತು. ವಾಪಸು ಬರುವಾಗ ಅಪ್ಪ ಗೆದ್ದವರ ಹಾಗೆ ಕಿಟಕಿಯ ಮೇಲೆ ಕೈ ಇಟ್ಟುಕೊಂಡಿದ್ದರು.

ಮುಂದಿನ ರಜೆಗೆ ನಾನು ಬರುವಷ್ಟರಲ್ಲಿ ಗಾಡಿಗೆ ದನಿ ಬಂದಿತ್ತು. ಭತ್ತ ಹೇರಿಕೊಂಡು ವೇಗ ಹಿಡಿದರೆ ಹಿಂದಿನಿಂದ ಊಂ ಎಂದು ಎಳೆದ ಸದ್ದು. "ಹಿಂದೆ ಅಳ್ತೈತ್ರಿ ಸಾವ್ಕಾರ್ರೆ" ಎಂದು ಹನುಮಂತಪ್ಪ ಬಂದು ಹೇಳಿದ. "ಲೋಡ್ ಜಾಸ್ತಿ ಹಾಕಿರ್ತೀಯ" ಎಂದರು ಅಪ್ಪ. ಮತ್ತೆ ಹೇಳಿದ, ಮತ್ತೆ ಅದೇ ಉತ್ತರ. ಆಮೇಲೆ ಅವನು ಹೇಳುವುದನ್ನು ಬಿಟ್ಟ. ಕೆಲವು ದಿನ ಕಳೆದು ಸದ್ದು ಸಣ್ಣದಾಯಿತು. ಕಿವಿಗೊಟ್ಟರೆ ಮಾತ್ರ ಕೇಳುವಷ್ಟು.

ಸದ್ದು ಬಂದದ್ದು ಅಪ್ಪನಿಗೆ ಅನುಮಾನ ತಂದಿರಲಿಲ್ಲ. ಕಡಿಮೆಯಾದದ್ದು ತಂದಿತು. ಭಾನುವಾರ ಗಾಡಿ ಭಟ್ಟಿಯ ಅಂಗಳದಲ್ಲಿ ನಿಂತಿದ್ದಾಗ ಗೋಣಿಚೀಲ ಹಾಸಿಕೊಂಡು ಅದರ ಕೆಳಗೆ ತೂರಿದರು. ಬಹಳ ಹೊತ್ತು ಕಾಲುಗಳಷ್ಟೇ ಕಾಣುತ್ತಿದ್ದವು. ಹೊರಗೆ ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಕೊನೆಗೂ ಸಿಕ್ಕಿತು ಎನ್ನುವಂಥ ಒಂದು ಶಾಂತಿಯಿತ್ತು. ನನಗೆ ಭಯವಾದದ್ದು ಆ ಶಾಂತಿಯನ್ನು ನೋಡಿ.

"ಗುರುತು ಒಡದೈತೆ. ಎಣ್ಣೆ ಮಾರ್ಕೊಂಡಾನ."

ಅದೇ ಮಧ್ಯಾಹ್ನ ಕೊಂಡಜ್ಜಿ ಊರಿನ ಡ್ರೈವರ್ ಒಬ್ಬನಿಗೆ ಫೋನು ಮಾಡಿ, ಮರುದಿನವೇ ಕೆಲಸಕ್ಕೆ ಬರುವಂತೆ ಹೇಳಿದರು. ಹನುಮಂತಪ್ಪನನ್ನು ಬಿಡಿಸುವುದೆಂದು ತೀರ್ಮಾನವಾಗಿತ್ತು. ಅಮ್ಮ ಒಳಗಿನಿಂದಲೇ ಕೇಳಿದರು: "ಇಷ್ಟು ವರ್ಷ ಇದ್ದೋನ್ನ ನಂಬ್ಲಿಲ್ಲ. ನಾಳೆ ಬರೋನ್ನ ನಂಬ್ತೀರೇನು?"  ನನಗೆ ಆ ರಾತ್ರಿ ಊಟ ಸೇರಲಿಲ್ಲ. ಮಳೆಗಾಲದಲ್ಲಿ ಶಾಲೆಯ ಬಾಗಿಲ ತನಕ ಗಾಡಿ ತಂದು, ನಾನು ಇಳಿದು ಒಳಗೆ ಹೋಗುವವರೆಗೆ ಹಾರನ್ ಹೊಡೆಯದೆ ಕಾಯುತ್ತಿದ್ದ ಮನುಷ್ಯ ಅವನು. ಆದರೂ, ಹೇಳಲೇಬೇಕು, ಅವನು ಮಾರಿರಬಹುದೇ ಎಂದು ನನ್ನ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಲೇ ಇತ್ತು. ನಾನೂ ಅದೇ ಮನೆಯವಳು.

ಸೋಮವಾರ ಬೆಳಿಗ್ಗೆ ಹನುಮಂತಪ್ಪ ಬಂದ. ಅಪ್ಪ ಅಂಗಳದ ಮಧ್ಯೆ ಕುರ್ಚಿ ಹಾಕಿಕೊಂಡಿದ್ದರು.

"ಹಿಂದಿನ ಪ್ಲಗ್ ಯಾರು ತೆಗೆದ್ರು?"

"ನಾನೇ ತೆಗೆದೆ ಸಾವ್ಕಾರ್ರೆ."

ಅಪ್ಪ ಇದಕ್ಕೆ ಸಿದ್ಧರಿರಲಿಲ್ಲ. ಅವನು ಇಲ್ಲ ಎನ್ನುತ್ತಾನೆಂದು ಮುಂದಿನ ಪ್ರಶ್ನೆಗಳನ್ನೆಲ್ಲ ಜೋಡಿಸಿಕೊಂಡಿದ್ದರು.

"ಯಾಕ ತೆಗೆದೆ?"

"ಅಳ್ತಿತ್ತಲ್ರಿ. ಅವತ್ತು ರುದ್ರೇಶಣ್ಣ ಹೇಳಿದ್ನಲ್ಲ, ಹಲ್ಲು ತಿಂತೈತೆ ಅಂತ. ಅವನ ಹತ್ರನೇ ಒಯ್ದು ತೆಗೆಸಿ, ನಾರೋ ಎಣ್ಣೇನೇ ಹಾಕಿಸ್ದೆ. ಸುಮ್ಮನಾತು."

"ನನಗೆ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ರೇನ್ರಿ?"

"ತೆಗೆದ ಎಣ್ಣೆ ಎಲ್ಲಿ? ಮಾರಿದ್ಯಾ?"

"ಸೀಟಿನ ಹಿಂದೆ ಐತ್ರಿ."

"ಹೊಸ ಎಣ್ಣೆ ಡಬ್ಬಿ?"

"ಮೊಳೆ ಹೊಡ್ದೀನ್ರಿ."

ಹೋಗಿ ಎರಡನ್ನೂ ತಂದು ಅಪ್ಪನ ಕಾಲ ಹತ್ತಿರ ಇಟ್ಟ. ಒಂದು ಬಾಯಿ ಕಟ್ಟಿದ ಹಳೆಯ ಎಣ್ಣೆಯ ಡಬ್ಬಿ. ಇನ್ನೊಂದು, ನಡುವೆ ಸರಿಯಾಗಿ ತೂತು ಮಾಡಿದ ಖಾಲಿ ಡಬ್ಬಿ. ಈ ಮನೆಯ ರೀತಿಯನ್ನು ಅವನಷ್ಟು ಚೆನ್ನಾಗಿ ಯಾರೂ ಕಲಿತಿರಲಿಲ್ಲ. ಅಪ್ಪ ತೂತನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಏನೋ ಹೊಳೆದಂತೆ ತಲೆ ಎತ್ತಿದರು.

"ಗುರುತು ಒಡೀತೈತೆ, ನನಗೆ ಗೊತ್ತಾಗ್ತೈತೆ ಅಂತ ಅನ್ನಿಸ್ಲಿಲ್ಲೇನು?"

"ಗೊತ್ತಿತ್ರಿ."

"ಗುರುತಿನ ವಿಷಯ ನಿನಗೆ ಹೆಂಗೆ ಗೊತ್ತು?"

"ಗಾಡಿ ಕೆಳಗೆ ಮಲಗೋನು ನಾನೇ ಅಲ್ಲೇನ್ರಿ. ಅಕ್ಕಾರ ಬಣ್ಣ ಅನ್ನೋದೂ ಗೊತ್ತು."

ನಾನು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡೆ. ಅಪ್ಪ ಹಳೆಯ ಎಣ್ಣೆಯನ್ನು ಮಂಡಕ್ಕಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳಕ್ಕೆ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿದರು. ಜೇನಿನ ಬಣ್ಣ ಹೋಗಿ ಕಪ್ಪಾಗಿತ್ತು, ಕಪ್ಪಿನೊಳಗೆ ಸಣ್ಣ ಸಣ್ಣ ಮಿನುಗು ತಿರುಗುತ್ತಿತ್ತು, ಬೆಳ್ಳಿಯ ಹುಡಿ ಕಲಸಿದ ಹಾಗೆ. "ಏನಿದು?" ಎಂದು ನನ್ನನ್ನು ಕೇಳಿದರು. "ಒಳಗಿನ ಹಲ್ಲು ಸವೆದ ಪುಡಿ, ಅಪ್ಪ" ಎಂದೆ. ನಂಬಿದರೆ ಅಪ್ಪನೇ ಅಲ್ಲ. ಜೇಬಿನಿಂದ ಪಾ‌ತ್ರೆ ಅಂಗಡಿಯ ಅಯಸ್ಕಾಂತ ತೆಗೆದು ಮುಚ್ಚಳದ ಅಡಿಯಲ್ಲಿ ಹಿಡಿದು ಮೆಲ್ಲಗೆ ಎಳೆದರು. ಮಿನುಗೆಲ್ಲ ಒಂದಾಗಿ, ಗುಂಪು ಕಟ್ಟಿ, ಅವರ ಕೈ ಹೋದಲ್ಲಿಗೆ ಹಿಂದೆ ಹಿಂದೆ ಬಂತು. ಒಮ್ಮೆ ಆ ಕಡೆ ಎಳೆದರು, ಒಮ್ಮೆ ಈ ಕಡೆ.  ಆ ಊರಲ್ಲೂ ಈ ಊರಲ್ಲೂ ಕಳ್ಳನನ್ನು ಹುಡುಕಿದ ಅಯಸ್ಕಾಂತ ಕೊನೆಗೆ ಅವರನ್ನೇ ತೋರಿಸಿತ್ತು.

"ಹೇಳದೆ ತೆಗೆದಿದ್ದು ತಪ್ಪು" ಎಂದರು ಮುಚ್ಚಳ ಕೆಳಗಿಟ್ಟು.

"ತಪ್ಪೇ ರಿ" ಎಂದ ಹನುಮಂತಪ್ಪ.

ಅಪ್ಪ ಒಳಗೆ ಹೋದರು. ಕೊಂಡಜ್ಜಿಯವನಿಗೆ ಬರುವುದು ಬೇಡ ಎಂದು ಫೋನಿನಲ್ಲಿ ಹೇಳುವುದು ನಮಗೆಲ್ಲ ಕೇಳಿಸಿತು. ಕೇಳಲೆಂದೇ ಸ್ವಲ್ಪ ಜೋರಾಗಿ ಹೇಳಿದರು ಎಂದು ನನ್ನ ಅನುಮಾನ. ಉಗುರುಬಣ್ಣದ ಸೀಸೆ ಹಿಡಿದು ಹೊರಗೆ ಬಂದು, ಗಾಡಿಯ ಕೆಳಗೆ ತೂರಿ, ಹೊಸ ಚುಕ್ಕೆ ಇಟ್ಟರು. ಅವರು ಹೊರಗೆ ಬರುತ್ತಲೇ ಹನುಮಂತಪ್ಪ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಬೆರಳಿಗೆ ಸುಣ್ಣ ಹಚ್ಚಿಕೊಂಡು ತಾನೂ ಕೆಳಗೆ ಮಲಗಿದ.

"ಏನಲೇ ಅದು?"

"ನಂದೂ ಒಂದು ಗುರುತು ಇರ್ಲಿ ಸಾವ್ಕಾರ್ರೆ. ನೀವು ತೆಗೆದು ಮತ್ತೆ ಆ ಜೇನುತುಪ್ಪ ಹಾಕಿದ್ರೆ ನನಗೂ ಗೊತ್ತಾಗ್ಬೇಕಲ್ರಿ."

ಅಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದರು.  ಅಪ್ಪ ಬಗ್ಗಿ, ಗಾಡಿಯ ಕೆಳಗೆ ಕೈ ಚಾಚಿದರು. ಕೈಯಲ್ಲಿ ನನ್ನ ಸೀಸೆಯಿತ್ತು.

"ಸುಣ್ಣ ಮಳೇಗೆ ತೊಳ್ದು ಹೋಗ್ತೈತೆ. ಇದನ್ನ ಹಚ್ಚು."

ಹಾಗೆ ಆ ಪ್ಲಗ್ಗಿನ ಎರಡು ಕಡೆ ಎರಡು ಚುಕ್ಕೆಗಳಾದವು. ಅಲ್ಲಿಂದ ಮುಂದೆ ಅವರಿಬ್ಬರೂ ಒಬ್ಬರನ್ನೊಬ್ಬರು ಬಹಿರಂಗವಾಗಿ ಅನುಮಾನಿಸುತ್ತ ನೆಮ್ಮದಿಯಾಗಿದ್ದರು. ಸವೆದ ಹಲ್ಲು ಮಾತ್ರ ಮತ್ತೆ ಬೆಳೆಯಲಿಲ್ಲ. ಇವತ್ತಿಗೂ ಹರಿಹರದ ದಾರಿಯಲ್ಲಿ ಗಾಡಿ ಒಂದು ಹದದ ವೇಗಕ್ಕೆ ಬಂದಾಗ ಹಿಂದಿನಿಂದ ಸಣ್ಣಗೆ ಊಂ ಎನ್ನುತ್ತದೆ. ಆಗ ಅಪ್ಪ ಕೇಳಿಸದವರಂತೆ ಭತ್ತದ ಮಾತು ಎತ್ತುತ್ತಾರೆ. ಹನುಮಂತಪ್ಪ ತಾನಾಗಿಯೇ ಆಕ್ಸಿಲರೇಟರಿನಿಂದ ಕಾಲು ಸ್ವಲ್ಪ ಎತ್ತುತ್ತಾನೆ, ಸದ್ದು ನಿಲ್ಲುತ್ತದೆ.

ನಡುವೆ ಕೊರೊನಾ ಬಂದು ಹೋಯಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಜ್ವರ ಬಂತು, ಎಲ್ಲರೂ ಎದ್ದೆವು. ಅಪ್ಪನ ಮೂಗು ಮಾತ್ರ ಏಳಲಿಲ್ಲ. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಮೊದಲಿನಂತೆಯೇ ಹಾಲು ಮೂಸುತ್ತಿದ್ದರು, ತುಪ್ಪ ಮೂಸುತ್ತಿದ್ದರು, ಸರಿಯಿಲ್ಲ ಎಂದು ಗೊಣಗುತ್ತಿದ್ದರು. ಒಂದು ದಿನ ಭಟ್ಟಿಯಲ್ಲಿ ಹದ ತಪ್ಪಿ ಬಾಣಲೆ ತುಂಬ ಅಕ್ಕಿ ಸೀದು ಹೋಯಿತು. ನಾನು ಮನೆಯೊಳಗಿನಿಂದ ವಾಸನೆ ಹಿಡಿದು ಓಡಿ ಬಂದರೆ, ಅಪ್ಪ ಅದರ ಪಕ್ಕದಲ್ಲೇ ಬೆನ್ನು ಮಾಡಿ ಕೂತು ಚೀಲ ಹೊಲಿಯುತ್ತಿದ್ದರು.  ಅಂದಿನಿಂದ ಗಮನಿಸಿದೆ: ಏನನ್ನಾದರೂ ಮೂಸಿದ ಮೇಲೆ ಅವರು ನನ್ನ ಮುಖ ನೋಡುತ್ತಿದ್ದರು, ಕಲ್ಲಂಗಡಿ ತಟ್ಟಿ ಹಣ್ಣಿನವನ ಮುಖ ನೋಡುತ್ತಿದ್ದ ಹಾಗೆ. ನಾನು ಮುಖದಲ್ಲೇ ಉತ್ತರ ಇಡಲು ಕಲಿತೆ. ಕೆಟ್ಟಿದ್ದರೆ ಸ್ವಲ್ಪ ಮೂಗು ಮುರಿಯುತ್ತೇನೆ. ಈ ಒಪ್ಪಂದದ ಬಗ್ಗೆ ನಾವು ಒಂದು ಮಾತೂ ಆಡಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಎಣ್ಣೆ ಬದಲಿಸುವ ಹೊತ್ತು ಬಂದಿತ್ತು. ಅಪ್ಪ ಗಾಡಿಯ ಮುಂದಿನ ಸೀಟಿನಲ್ಲೇ ಕೂತರು. "ನೀನೇ ನೋಡಿ ತಗೊಂಬಾ" ಎಂದರು. ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಮೊದಲ ಸಲ. ವೀರಭದ್ರಪ್ಪನವರು ಜಿಎಲ್-5 ಡಬ್ಬಿ ಇಟ್ಟರು. ಅಕ್ಷರ ಓದಿದೆ, ಸೀಲು ನೋಡಿದೆ, ಎಲ್ಲ ಸರಿಯಿತ್ತು. ದುಡ್ಡು ಕೊಟ್ಟು ಬರಬಹುದಿತ್ತು. ಆದರೂ ಮುಚ್ಚಳ ತೆಗೆಸಿದೆ. ವಾಸನೆಯಿತ್ತು, ನನ್ನ ನೆನಪಿನಲ್ಲಿದ್ದಷ್ಟು ಇರಲಿಲ್ಲ. ಎಣ್ಣೆ ಬದಲಾಗಿದೆಯೋ, ನೆನಪೇ ಹೆಚ್ಚು ನಾರುತ್ತದೆಯೋ? ಬೆರಳು ಅದ್ದಿ ಉಜ್ಜಿ ನೋಡಿದೆ. ಇನ್ನೊಂದು ಡಬ್ಬಿ ತೆಗೆಸಲೇ ಎಂದು ಯೋಚಿಸುತ್ತಿರುವಾಗ ವೀರಭದ್ರಪ್ಪನವರು, "ಸೀಲ್ ಡಬ್ಬಿಗೆ ಯಾಕ ಬೆರಳು ಹಾಕ್ತೀರಿ ಅಕ್ಕಾರೆ? ಅಪ್ಪಾರಿಂದ ಬಿಡುಗಡೆ ಆತು ಅಂದ್ಕಂಡಿದ್ದೆ" ಎಂದರು.

ಡಬ್ಬಿಯನ್ನು ಗಾಡಿಯ ಕಿಟಕಿಗೆ ಒಯ್ದೆ. ಅಪ್ಪ ಅಭ್ಯಾಸಬಲದಿಂದ ಮೂಗು ತಂದರು. ತಂದು ಅಲ್ಲೇ ತಡೆದರು. ಮೂಸಿದಂತೆ ಮಾಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮಂಡಿಪೇಟೆಯ ಜನರ ನಡುವೆ, ಎದುರಿನ ರಸ್ತೆ ನೋಡುತ್ತ, ಬಾಯಿಬಿಟ್ಟು ಕೇಳಿದರು.

"ನಾರ್ತೈತಾ?"

"ನಾರ್ತೈತೆ ಅಪ್ಪ."

ಎರಡನೆಯ ಪ್ರಶ್ನೆಗಾಗಿ ಕಾದೆ. ಸರಿಯಾಗಿ ನೋಡಿದ್ಯಾ, ಅವರು ನಿನಗೇನಾದರೂ ಹೇಳಿದರಾ, ಹನುಮಂತಪ್ಪಗೂ ತೋರಿಸು. ಯಾವುದೂ ಬರಲಿಲ್ಲ. ಅಪ್ಪ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಡಬ್ಬಿಯನ್ನು ಕಾಲ ಹತ್ತಿರ ಇಟ್ಟುಕೊಂಡು, "ನಡಿ, ಹೋಗಾನ" ಎಂದರು. ಅಷ್ಟೇ.

ನಾನು ಬಯಸಿದ್ದು ಇದನ್ನೇ. ಆದರೆ ಕೈಗೆ ಬಂದಾಗ ಅದರ ಭಾರ ತಡೆಯಲಾಗಲಿಲ್ಲ. ನನ್ನ ಒಂದು ಮಾತಿನ ಮೇಲೆ ಆ ಎಣ್ಣೆ ಒಳಗೆ ಹೋಗುವುದೇ? ಅಪ್ಪನ ಕಾಲ ಹತ್ತಿರದಿಂದ ಡಬ್ಬಿ ಎಳೆದು, ಮುಚ್ಚಳ ತೆಗೆದು, ಸ್ಟಿಯರಿಂಗ್ ಹಿಡಿದು ಕೂತಿದ್ದ ಹನುಮಂತಪ್ಪನ ಮೂಗಿನ ಹತ್ತಿರ ಹಿಡಿದೆ.

ಅವನು ಮೂಸಲಿಲ್ಲ, ನಕ್ಕ. "ಸಾವ್ಕಾರ್ರು ಮುಗಿಸಿದ್ರು ಅಂದ್ರೆ ನೀವು ಶುರು ಮಾಡಿದ್ರೇನ್ರಿ ಅಕ್ಕಾರೆ?" ಎಂದ. ಆಮೇಲೆ ಮೂಸಿದ. "ನಾರ್ತೈತೆ ಬಿಡ್ರಿ, ಚೆನ್ನಾಗೈತೆ."

ಹರಿಹರದಲ್ಲಿ ರುದ್ರೇಶಣ್ಣ ಎಣ್ಣೆ ತುಂಬಿದ. ಅಪ್ಪ ಕುರ್ಚಿ ಕೇಳಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಯಾರೊಡನೆಯೋ ಮಾತಾಡುತ್ತಿದ್ದರು. ಕುರ್ಚಿಯಲ್ಲಿ ನಾನು ಕೂತೆ. ಖಾಲಿ ಡಬ್ಬಿಗೆ ಮೊಳೆ ಹೊಡೆದೆ. ಎಲ್ಲ ಮುಗಿದ ಮೇಲೆ ಅಪ್ಪ ಬಂದು ನೇರಳೆ ಚುಕ್ಕೆ ಇಟ್ಟರು, ಹನುಮಂತಪ್ಪ ತನ್ನದನ್ನು ಇಟ್ಟ. ಅವರಿಬ್ಬರೂ ಚಹಾ ಕುಡಿಯಲು ಹೋದಾಗ ನಾನು ಗೋಣಿಚೀಲದ ಮೇಲೆ ಮಲಗಿ, ಗಾಡಿಯ ಕೆಳಗೆ ತೂರಿ, ಬ್ಯಾಗಿನಿಂದ ಬೇರೊಂದು ಸೀಸೆ ತೆಗೆದು, ಎರಡು ಚುಕ್ಕೆಗಳ ನಡುವೆ ನನ್ನದೂ ಒಂದು ಇಟ್ಟು ಬಂದೆ.

ಬೆರಳು ಇನ್ನೂ ನಾರುತ್ತಿದೆ. ತೊಳೆಯುವುದನ್ನು ಬಿಟ್ಟಿದ್ದೇನೆ, ನಾಳೆ ಬೆಳಿಗ್ಗೆಯೂ ಹೀಗೆಯೇ ಇದ್ದರೆ ಎಣ್ಣೆ ಸರಿಯಾದದ್ದೇ ಎಂದು ನಂಬುತ್ತೇನೆ. ಇಷ್ಟೆಲ್ಲ ನಿಮ್ಮ ಹತ್ತಿರ ಹೇಳಿಕೊಂಡೆ. ನನ್ನ ಚುಕ್ಕೆಯ ಬಣ್ಣ ಯಾವುದೆಂದು ಮಾತ್ರ ಹೇಳುವುದಿಲ್ಲ.